ಹಲಾಲ್ ಆಯಿತು, ತಯ್ಯಿಬ್ ಎಲ್ಲಿ?

ಕೊಯ್ದವರು ಯಾರು, ಹೇಗೆ ಕೊಯ್ದರು ಎಂದು ವಿಚಾರಿಸದೆ ಮಾಂಸ ಖರೀದಿಸುವ ಮುಸ್ಲಿಮ್ ಕುಟುಂಬ ಸಾಗರದಲ್ಲಾಗಲಿ, ಹೊಸನಗರದಲ್ಲಾಗಲಿ, ತೀರ್ಥಹಳ್ಳಿಯಲ್ಲಾಗಲಿ ಸಿಗುವುದು ಕಷ್ಟ. ಬಿಸ್ಕತ್ತಿನ ಪೊಟ್ಟಣವನ್ನು ಮಗುಚಿ ಹಿಡಿದು ಜೆಲಟಿನ್ ಇದೆಯೇ ಎಂದು ಹುಡುಕುವ ಮಕ್ಕಳೂ ಈಗ ಮನೆಗಳಲ್ಲಿದ್ದಾರೆ. ಮೆಚ್ಚತಕ್ಕ ಎಚ್ಚರವಿದು. ಆದರೆ ಅದೇ ಮನೆಯ ಅಡುಗೆ ಕೋಣೆಯಲ್ಲಿ ಅಕ್ಕಿ ಯಾವ ಸೀಮೆಯದು, ಬೆಲ್ಲಕ್ಕೆ ಬೆರೆಸಿದ್ದೇನು, ಜೇನಿನ ಬಾಟಲಿಯಲ್ಲಿ ಜೇನು ಎಷ್ಟು, ಉಪ್ಪಿನಕಾಯಿಯ ಮಿಡಿ ಕೊಯ್ದವನ ಕೈಗೆ ಸೇರಿದ್ದೆಷ್ಟು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದ 168ನೇ ಸೂಕ್ತದಲ್ಲಿ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಎಂಬ ಪದದ ಪಕ್ಕದಲ್ಲೇ ತಯ್ಯಿಬ್ ಎಂಬ ಪದವನ್ನು ಇರಿಸಿದೆ. ಅಲ್ಲಿನ ಸಂಬೋಧನೆಯೂ ವಿಶ್ವಾಸಿಗಳಿಗೆ ಸೀಮಿತವಾಗಿರದೆ ಸಮಸ್ತ ಮನುಷ್ಯರನ್ನು ಉದ್ದೇಶಿಸಿದೆ. ತಯ್ಯಿಬ್ ಎಂದರೆ ಶುದ್ಧವಾದುದು, ಹಿತವಾದುದು. ನಮ್ಮ ಪ್ರವಚನಗಳಲ್ಲಿ, ಚರ್ಚೆಗಳಲ್ಲಿ ಮೊದಲ ಪದ ಉಳಿದುಕೊಂಡಿತು, ಎರಡನೆಯದು ಜಾರಿಹೋಯಿತು. ಹಲಾಲ್ ಮುದ್ರೆಯಿರುವ ಪೊಟ್ಟಣ ಮನೆಗೆ ಬಂದರೆ ಕರ್ತವ್ಯ ಮುಗಿಯಿತೆಂದು ಭಾವಿಸುವವರೇ ಹೆಚ್ಚು.

ಈ ಮೂರು ತಾಲೂಕುಗಳ ಮಟ್ಟಿಗಂತೂ ಇದು ವಿಪರ್ಯಾಸ. ಕೆಂಪಕ್ಕಿ, ಜೋನಿ ಬೆಲ್ಲ, ತುಡುವೆ ಜೇನು, ಅಪ್ಪೆಮಿಡಿ, ಕಾಳುಮೆಣಸು, ಮುರುಗಲು, ಹಲಸಿನ ಹಪ್ಪಳ ಇವೆಲ್ಲ ನಮ್ಮ ಪೇಟೆಗಳಿಂದ ಒಂದು ಗಂಟೆಯ ಬಸ್ಸಿನ ದಾರಿಯೊಳಗೇ ಸಿದ್ಧವಾಗುತ್ತವೆ. ಬೆಂಗಳೂರಿನ ಶ್ರೀಮಂತ ಬಡಾವಣೆಗಳಲ್ಲಿ ಇವೇ ವಸ್ತುಗಳು ಗಾಜಿನ ಸೀಸೆಯೊಳಗೆ ಕುಳಿತು ಸಾವಯವ ಎಂಬ ಚೀಟಿ ಅಂಟಿಸಿಕೊಂಡು ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ಸಾವಯವ ಎಂಬುದು ಫ್ಯಾಶನ್ ಆಗುವ ಮೊದಲೇ ತೀರ್ಥಹಳ್ಳಿಯಲ್ಲಿ ಪುರುಷೋತ್ತಮ ರಾವ್ ಮತ್ತು ಅವರ ಕೃಷಿ ಪ್ರಯೋಗ ಪರಿವಾರ ರೈತರ ನಡುವೆ ಆ ವಿಚಾರವನ್ನು ಬಿತ್ತಿತ್ತು. ರಾಜ್ಯ ಸರಕಾರ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದ್ದು 2004ರಲ್ಲಿ. ದೂರದವರು ಹುಡುಕಿಕೊಂಡು ಬರುವ ಆಹಾರ ಹತ್ತಿರದವರ ತಟ್ಟೆಗೆ ಬೀಳದಿರುವುದಕ್ಕೆ ಬಡತನವೊಂದೇ ಕಾರಣವೆಂದು ನಾವು ನಂಬುವುದಿಲ್ಲ.

ಜೇನನ್ನೇ ತೆಗೆದುಕೊಳ್ಳೋಣ. ಜೇನು ನೊಣದ ಹೆಸರಿನದೇ ಒಂದು ಅಧ್ಯಾಯ ಕುರ್‌ಆನಿನಲ್ಲಿದೆ. ಅದರಲ್ಲಿ ಮನುಷ್ಯರಿಗೆ ಉಪಶಮನವಿದೆ ಎಂಬ ನಂಬಿಕೆಯಿಂದಲೇ ನಮ್ಮ ತಾಯಂದಿರು ಕೆಮ್ಮುವ ಮಕ್ಕಳಿಗೆ ಜೇನು ನೆಕ್ಕಿಸುತ್ತಾರೆ. (ವರ್ಷ ತುಂಬದ ಶಿಶುವಿಗೆ ಕೊಡಬಾರದೆಂಬುದು ವೈದ್ಯರ ಎಚ್ಚರಿಕೆ, ಹಿರಿಯರು ಇದನ್ನು ಗಮನಿಸಬೇಕು.) 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಬ್ರಾಂಡುಗಳ ಜೇನನ್ನು ಪರೀಕ್ಷೆಗೊಳಪಡಿಸಿ, ಜರ್ಮನಿಯ ಪ್ರಯೋಗಾಲಯದಲ್ಲಿ ನಡೆದ ಸೂಕ್ಷ್ಮ ಪರೀಕ್ಷೆಯೂ ಸೇರಿದಂತೆ ಎಲ್ಲವನ್ನೂ ದಾಟಿದವು ಕೇವಲ 3 ಎಂದು ಪ್ರಕಟಿಸಿತು. ಉಳಿದವುಗಳಲ್ಲಿ ಸಕ್ಕರೆ ಪಾಕದ ಬೆರಕೆಯಿದೆ ಎಂಬುದು ಅದರ ಆರೋಪ. ಕಂಪೆನಿಗಳು ನಿರಾಕರಿಸಿದವು. ಆ ವಿವಾದದಲ್ಲಿ ಯಾರು ಸರಿ ಎಂಬುದು ಏನೇ ಇರಲಿ, ತುಡುವೆ ಪೆಟ್ಟಿಗೆ ಇಟ್ಟುಕೊಂಡ ರೈತನೊಬ್ಬ ತಾಲೂಕಿನೊಳಗೇ ಇರುವಾಗ ಜರ್ಮನಿಯ ಪ್ರಯೋಗಾಲಯದ ವರದಿಗಾಗಿ ಕಾಯುವ ಅಗತ್ಯವಾದರೂ ಏನಿದೆ? ಅವನ ತೋಟಕ್ಕೆ ಹೋಗಿ ಪೆಟ್ಟಿಗೆಯನ್ನು ಕಣ್ಣಾರೆ ನೋಡಬಹುದು.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ತುಡುವೆ ಜೇನಿನ ಕುಟುಂಬಗಳನ್ನು ಬಹುಪಾಲು ಅಳಿಸಿಹಾಕಿತ್ತು. ಖಾಲಿ ಪೆಟ್ಟಿಗೆಯನ್ನು ಎಸೆಯದೆ ಮತ್ತೆ ಹುಳು ಹಿಡಿದು ಕೂರಿಸಿದವರಿಂದಾಗಿಯೇ ಇಂದು ಮಲೆನಾಡಿನಲ್ಲಿ ಈ ಜೇನು ಉಳಿದಿದೆ. ಆದರೆ ಅವರು ಪೇಟೆಗೆ ಬಂದರೆ ಎದುರಾಗುವುದು ಅನುಮಾನ. ತುಡುವೆ ಜೇನಿನಲ್ಲಿ ನೀರಿನಂಶ ಸಹಜವಾಗಿಯೇ ಹೆಚ್ಚು. ಮಳೆಗಾಲದಲ್ಲಿ ಅದು ನೊರೆಯೇಳಬಹುದು, ಚಳಿಯಲ್ಲಿ ತಳದಲ್ಲಿ ಹರಳುಗಟ್ಟಬಹುದು. ಹೂವಿನ ಕಾಲಕ್ಕೆ ತಕ್ಕಂತೆ ಬಣ್ಣವೂ ಬದಲಾಗುತ್ತದೆ. ಕಾರ್ಖಾನೆಯ ಬಾಟಲಿಯಲ್ಲಿ ವರ್ಷವಿಡೀ ಒಂದೇ ಬಣ್ಣ, ಒಂದೇ ಮಂದ ಕಂಡ ನಮ್ಮ ಗೃಹಿಣಿಯರು, ಹರಳುಗಟ್ಟಿದ್ದನ್ನು ಸಕ್ಕರೆ ಬೆರೆಸಿದ್ದೆಂದು ಹೇಳಿ ಹಿಂದಿರುಗಿಸುತ್ತಾರೆ. ಸಂಶಯಪಡಬೇಕಾದುದು ವರ್ಷವಿಡೀ ಬದಲಾಗದೆ ಇರುವ ಜೇನಿನ ಮೇಲೆ ಎಂದು ಅವರಿಗೆ ಹೇಳಿಕೊಟ್ಟವರಿಲ್ಲ.

ಬೆಲ್ಲದ ಕತೆಯೂ ಭಿನ್ನವಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನಲ್ಲಿ ಆಲೆಮನೆಗಳು ಹೂಡುತ್ತವೆ. ಹಿಂದೆ ಕೋಣ ತಿರುಗಿಸುತ್ತಿದ್ದ ಗಾಣವನ್ನು ಈಗ ಹೆಚ್ಚಿನ ಕಡೆ ಯಂತ್ರ ತಿರುಗಿಸುತ್ತದೆ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಸಿ, ನೊರೆಯೊಂದಿಗೆ ಮೇಲೇಳುವ ಕೊಳೆಯನ್ನು ತೆಗೆದು, ಸ್ವಲ್ಪ ಸುಣ್ಣ ಹಾಕಿ, ಗಟ್ಟಿಯಾಗುವ ಮುನ್ನವೇ ಇಳಿಸಿದರೆ ಅದು ಜೋನಿ ಬೆಲ್ಲ. ದೋಸೆಗೆ, ರೊಟ್ಟಿಗೆ ನೆಂಚಿಕೊಳ್ಳಲು ಇದಕ್ಕಿಂತ ರುಚಿಯಾದುದು ಈ ಸೀಮೆಯಲ್ಲಿ ಬೇರೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಇದರ ನಿಜವಾದ ಬಣ್ಣ ಕಂದು. ಆದರೆ ಪೇಟೆಗೆ ಹೊಂಬಣ್ಣದ ಬೆಲ್ಲ ಬೇಕು. ಅದಕ್ಕಾಗಿಯೇ ರಾಜ್ಯದ ಅನೇಕ ಗಾಣಗಳಲ್ಲಿ ಹೈಡ್ರೋಸ್ ಎಂದು ಕರೆಯಲಾಗುವ ಸೋಡಿಯಂ ಹೈಡ್ರೋಸಲ್ಫೈಟ್ ಕೊಪ್ಪರಿಗೆಗೆ ಬೀಳುತ್ತದೆ, ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಅಗ್ಗದ ಸಕ್ಕರೆಯನ್ನು ಸುರಿಯುವವರೂ ಇದ್ದಾರೆ. ತಪ್ಪು ಅವರದ್ದೇ, ಸಂದೇಹವಿಲ್ಲ. ಆದರೆ ನಮ್ಮ ಕಣ್ಣು ಕೇಳಿದ ಬಣ್ಣವನ್ನೇ ಒಲೆಯ ಮುಂದೆ ಬೇಯುವವನು ಕೊಡುತ್ತಿದ್ದಾನೆ. ಬೆರಕೆಯಿಲ್ಲದ ಕಂದು ಬೆಲ್ಲ ಇಟ್ಟುಕೊಂಡವನ ಡಬ್ಬ ಸಂತೆಯಲ್ಲಿ ಹಾಗೆಯೇ ಉಳಿದರೆ ಮುಂದಿನ ವರ್ಷ ಅವನು ಏನು ಮಾಡಬೇಕು? ಧಾನ್ಯದ ರಾಶಿಯೊಳಗೆ ಕೈಹಾಕಿ ಒದ್ದೆಯನ್ನು ಕಂಡು ಪ್ರವಾದಿ(ಸ) ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆಯನ್ನು ನಮ್ಮ ಮಕ್ಕಳೂ ಬಲ್ಲರು. ಅವರು ರಾಶಿಯೊಳಗೆ ಕೈ ಹಾಕಿ ನೋಡಿದರು ಎಂಬುದನ್ನು ಗಮನಿಸಬೇಕು. ಮೇಲ್ಗಡೆಯ ಚಂದಕ್ಕೆ ಒಪ್ಪಿಕೊಂಡು ಹೋಗಿದ್ದರೆ ಅಲ್ಲಿ ಪ್ರಶ್ನೆಯೇ ಇರುತ್ತಿರಲಿಲ್ಲ.

ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಸಾಗರ ಮತ್ತು ಹೊಸನಗರದ ರಿಪ್ಪನ್‌ಪೇಟೆ ಇದರ ವ್ಯಾಪಾರಕ್ಕೆ ಹೆಸರಾದ ಸ್ಥಳಗಳು. ಹೊಳೆಯ ದಂಡೆಯಲ್ಲಿ ತಾನಾಗಿ ಬೆಳೆದ ಮರಗಳಿಂದ ಮಿಡಿಯನ್ನು ತೊಟ್ಟು ಸಮೇತ, ಸೊನೆ ಸೋರದಂತೆ ಇಳಿಸಬೇಕು. ಆ ಸೊನೆಯೇ ಉಪ್ಪಿನಕಾಯಿಯನ್ನು ವರ್ಷಗಟ್ಟಲೆ ಕಾಪಾಡುವುದು. ಮಿಡಿಯನ್ನು ಎಣಿಸಿ ಮಾರುತ್ತಾರೆ, ನೆಲಕ್ಕೆ ಬಿದ್ದು ಪೆಟ್ಟಾದುದಕ್ಕೆ ಬೆಲೆಯಿಲ್ಲ. ಹತ್ತುವವನು ಜೀವ ಕೈಯಲ್ಲಿ ಹಿಡಿದೇ ಹತ್ತುತ್ತಾನೆ. ಇಷ್ಟೇ ಅಲ್ಲ, ಮಿಡಿಯ ಕಾಲವೂ ಕಾಡುಜೇನಿನ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ. 2018ರ ಕೊನೆಯಿಂದ 2019ರ ಬೇಸಗೆಯವರೆಗೆ ಸಾಗರ ತಾಲೂಕಿನ ಅರಳಗೋಡು ಪರಿಸರದಲ್ಲಿ ಆ ಕಾಯಿಲೆಯಿಂದ ಸಾವು ಸಂಭವಿಸಿದ್ದನ್ನು ಓದುಗರು ಮರೆತಿರಲಾರರು. ಮಿಡಿ ದುಬಾರಿಯಾಯಿತೆಂದು ಚೌಕಾಸಿಗಿಳಿಯುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಈ ಮಿಡಿಯ ವ್ಯಾಪಾರದಲ್ಲಿ, ಅಡಿಕೆಯ ಚೇಣಿಯಲ್ಲಿ, ಕಾಳುಮೆಣಸು, ಉಪ್ಪಾಗೆ, ಮುರುಗಲುಗಳ ಖರೀದಿಯಲ್ಲಿ ನಮ್ಮ ಸಮುದಾಯದವರೂ ಇದ್ದಾರೆ. ಆದ್ದರಿಂದ ಗ್ರಾಹಕರಿಗೆ ಹೇಳಿದ್ದನ್ನು ವ್ಯಾಪಾರಿಗಳಿಗೂ ಹೇಳಬೇಕಾಗಿದೆ. ಫಲವು ಉಪಯೋಗಕ್ಕೆ ಬರುವ ಹಂತ ತಲುಪುವ ಮೊದಲು ಮರದಲ್ಲಿರುವಂತೆಯೇ ಅದನ್ನು ಮಾರುವುದನ್ನು ಪ್ರವಾದಿ(ಸ) ತಡೆದಿದ್ದಾರೆ. ಫಸಲು ಕೈಕೊಟ್ಟರೆ ಸಹೋದರನ ಹಣವನ್ನು ಯಾವ ನ್ಯಾಯದಿಂದ ಇಟ್ಟುಕೊಳ್ಳುವೆ ಎಂಬುದು ಆ ನಿಷೇಧದ ತಿರುಳು. ಮಿಡಿಯನ್ನು ಮಿಡಿಯಾಗಿಯೇ ಕೂಡಲೇ ಕೊಯ್ದುಕೊಳ್ಳುವ ಷರತ್ತಿನ ಮಾರಾಟವನ್ನು ವಿದ್ವಾಂಸರು ಒಪ್ಪಿದ್ದಾರೆ, ಅದರಲ್ಲಿ ತೊಡಕಿಲ್ಲ. ಆದರೆ ಹೂವೇ ಬಿಡದ ಮರವನ್ನು ಹಲವು ವರ್ಷಗಳಿಗೆ ಒಟ್ಟಿಗೆ ಗುತ್ತಿಗೆ ಹಿಡಿಯುವುದು ಬೇರೆ ವಿಷಯ. ಅವಧಿ ಮುಗಿಯುವುದರೊಳಗೆ ಆದಷ್ಟು ಬಾಚಿಕೊಳ್ಳುವ ಆತುರದಲ್ಲಿ ಕೊಂಬೆಗೆ ಕೊಂಬೆಯನ್ನೇ ಕಡಿದು ಮಿಡಿ ಇಳಿಸುವ ಪಿಡುಗು ಹುಟ್ಟುವುದೂ ಇಂಥ ವ್ಯವಹಾರದಿಂದಲೇ.

ಇನ್ನೊಂದು ನಿಷೇಧವೂ ಇದೆ. ಮದೀನಾದ ಪೇಟೆಗೆ ಸರಕು ತರುವವರನ್ನು ಊರ ಹೊರಗೇ ಎದುರುಗೊಂಡು, ಪೇಟೆಯ ಧಾರಣೆ ಅವರಿಗೆ ತಿಳಿಯುವ ಮುನ್ನ ಕೊಂಡುಬಿಡುವುದನ್ನು ಪ್ರವಾದಿ(ಸ) ತಡೆದರು. ಹಾಗೆ ಮಾರಿದವನು ಪೇಟೆಗೆ ಬಂದ ಮೇಲೆ ವ್ಯವಹಾರವನ್ನು ಮುರಿಯುವ ಹಕ್ಕನ್ನೂ ಅವನಿಗೆ ಕೊಟ್ಟರು. ಮೊಬೈಲ್ ಫೋನಿನ ಈ ಕಾಲದಲ್ಲಿ ಅದೆಲ್ಲ ಎಲ್ಲಿ ಎಂದು ಕೇಳಬಹುದು. ಅಡಿಕೆಯ ಮಟ್ಟಿಗೆ ಆ ಮಾತು ನಿಜ. ಧಾರಣೆ ದಿನವೂ ಪತ್ರಿಕೆಯಲ್ಲಿ ಬರುತ್ತದೆ, ಮಾಮ್‌ಕೋಸ್, ಆಪ್ಸ್‌ಕೋಸ್‌ನಂಥ ಸಹಕಾರ ಸಂಘಗಳು ಬೆಳೆಗಾರನ ಬೆನ್ನಿಗಿವೆ. ಆದರೆ ಜೇನಿಗೆ, ಮುರುಗಲಿಗೆ, ಮನೆಯಲ್ಲಿ ಹೆಂಗಸರು ಒಣಗಿಸಿದ ಹಪ್ಪಳಕ್ಕೆ ಯಾವ ಪತ್ರಿಕೆಯಲ್ಲಿ ಧಾರಣೆ ಬರುತ್ತದೆ? ಕೊಳ್ಳುವವನು ಹೇಳಿದ್ದೇ ಅಲ್ಲಿ ಬೆಲೆ. ಹದಿನಾಲ್ಕು ಶತಮಾನಗಳ ಹಿಂದಿನ ಆ ನಿಯಮ ಈ ಸಣ್ಣ ಸರಕುಗಳಲ್ಲಿ ಇಂದೂ ಜೀವಂತವಾಗಿದೆ.

ಅಳತೆಯ ವಿಷಯ ಬಂದಾಗ ಸಾಗರ ತಾಲೂಕಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡಿದ್ದೇ ಕೊಳಗದ ಸುತ್ತ. ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಒಡೆಯರ ಕೊಳಗ ಸರಿಯಾದ ಅಳತೆಗಿಂತ ದೊಡ್ಡದೆಂಬುದು ಗೇಣಿದಾರರಾಗಿದ್ದ ದೀವರ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನಿನ 83ನೇ ಅಧ್ಯಾಯವಿದೆ: ತಾವು ಪಡೆಯುವಾಗ ತುಂಬ ಅಳೆದುಕೊಂಡು ಕೊಡುವಾಗ ಕಡಿತ ಮಾಡುವವರನ್ನು ಅದು ಎಚ್ಚರಿಸುತ್ತದೆ. ಕಾಗೋಡಿನ ಗೇಣಿದಾರ ಆ ಅಧ್ಯಾಯವನ್ನು ಓದಿರಲಿಲ್ಲ, ಆದರೆ ಅದರ ವಿಷಯ ಅವನಿಗೆ ಅಂಗೈ ನೆಲ್ಲಿಯಂತೆ ತಿಳಿದಿತ್ತು. ಅದನ್ನು ಓದುವ ನಾವು ತೂಕದ ಯಂತ್ರವನ್ನೂ, ಹಸಿ, ಕಸ ಎಂದು ಕಳೆಯುವ ಕಿಲೋಗಳನ್ನೂ, ಬಾಕಿ ಹಣಕ್ಕಾಗಿ ರೈತ ಅಂಗಡಿಗೆ ಅಲೆಯುವ ಸಲಗಳನ್ನೂ ಒಮ್ಮೆ ಲೆಕ್ಕ ಹಾಕಬೇಕು.

ಗೇಣಿ ಹೋಯಿತು. 1974ರ ಭೂ ಸುಧಾರಣೆಯ ತಿದ್ದುಪಡಿಯಿಂದ ಉಳುವವರು ಒಡೆಯರಾದರು. ಆದರೆ ಹಾಗೆ ಗೆದ್ದುಕೊಂಡ ಭತ್ತದ ಗದ್ದೆಗಳು ಇಂದು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ರೈತನನ್ನು ದೂಷಿಸುವಂತಿಲ್ಲ. 2025-26ನೇ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ರಾಶಿ ಅಡಿಕೆ ಈಚಿನ ವರ್ಷಗಳಲ್ಲಿ ಕ್ವಿಂಟಾಲಿಗೆ 40 ಸಾವಿರ ದಾಟಿದೆ. ನಾಟಿಗೆ ಆಳಿಲ್ಲ, ಬೆಳೆದದ್ದಕ್ಕೆ ಹಂದಿ, ಮಂಗ, ನವಿಲುಗಳ ಕಾಟ. ಇಂಥಲ್ಲಿ ಭತ್ತ ಬೆಳೆಯುವವನೇ ಸಾಹಸಿ. ಆದರೆ ಅಡಿಕೆಯನ್ನು ಯಾರೂ ಉಣ್ಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು. 2022ರ ಹೊತ್ತಿಗೆ ಈ ತಾಲೂಕುಗಳ ತೋಟಗಳಲ್ಲಿ ಎಲೆಚುಕ್ಕೆ ರೋಗ ವ್ಯಾಪಕವಾಯಿತು. ಒಂದೇ ಬೆಳೆಯ ಮೇಲೆ ಮೂರು ತಾಲೂಕುಗಳು ಕುಳಿತಿವೆ, ಉಣ್ಣುವ ಅಕ್ಕಿ ಲಾರಿಯಲ್ಲಿ ಹೊರಗಿನಿಂದ ಬರುತ್ತಿದೆ. ಹೀಗಿರುವಾಗ ಗದ್ದೆಯನ್ನು ಉಳಿಸಿಕೊಂಡವನ ಕೆಂಪಕ್ಕಿಗೆ ಕಿಲೋಗೆ ಕೆಲವು ರೂಪಾಯಿ ಹೆಚ್ಚು ಕೊಡುವುದನ್ನು ದಾನವೆಂದು ಯಾರೂ ತಿಳಿಯಬೇಕಾಗಿಲ್ಲ. ಅದು ಅವನಿಗೆ ಸಲ್ಲಬೇಕಾದ ಬೆಲೆ.

ದಿನಗೂಲಿಯಲ್ಲಿ ಬದುಕುವ, ಪಡಿತರದ ಅಕ್ಕಿಯನ್ನೇ ನಂಬಿದ ಕುಟುಂಬಗಳಿಗೆ ನಾವು ಇದನ್ನು ಹೇಳುತ್ತಿಲ್ಲ. ವಲೀಮದ ಪಂಕ್ತಿಯಲ್ಲಿ ಮೂರು ಬಗೆಯ ತಂಪು ಪಾನೀಯದ ಬಾಟಲಿ ಇಡುವವರಿಗೆ ಹೇಳುತ್ತಿದ್ದೇವೆ. ಮುರುಗಲಿನ ಪಾನಕ ಅದಕ್ಕಿಂತ ದುಬಾರಿಯಲ್ಲ. ಅದನ್ನು ಮಾಡಿಕೊಡುವ ವಿಧವೆಯೊಬ್ಬರು ಅದೇ ಮಹಲ್ಲಾದಲ್ಲಿ ಇರಬಹುದು. ಝಕಾತ್‌ಗಾಗಿ ಕೈಚಾಚಿಸುವುದಕ್ಕಿಂತ ಆಕೆಯಿಂದ ಹಪ್ಪಳವನ್ನೋ ಉಪ್ಪಿನಕಾಯಿಯನ್ನೋ ವರ್ಷವಿಡೀ ಕೊಳ್ಳುವುದು ಆಕೆಯ ಮಾನವನ್ನು ಹೆಚ್ಚು ಕಾಯುತ್ತದೆ. ಸರಕಾರಗಳಿಂದಲೂ ಸಣ್ಣವರಿಗೆ ನೆರವು ತಾನಾಗಿ ಬರುವುದಿಲ್ಲ. ಕೈಯಿಂದ ಮಾಡಿದ ವಸ್ತುಗಳಿಗೆ ಜಿಎಸ್‌ಟಿ ಬೇಡವೆಂದು ಹೆಗ್ಗೋಡಿನ ಪ್ರಸನ್ನ 2017ರಲ್ಲಿ ಉಪವಾಸ ಕೂರಬೇಕಾಯಿತು. 2022ರ ಜುಲೈಯಲ್ಲಿ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೆಲ್ಲ, ಜೇನುಗಳ ಮೇಲೆ ಶೇ. 5ರ ತೆರಿಗೆ ಬಂತು. ಅಳೆದು ಕೊಡುವ ಅಕ್ಕಿ, ಬೆಲ್ಲಗಳಿಗೆ ಆ ತೆರಿಗೆ ಹಾಕಲಿಲ್ಲ.

ಇನ್ನು ಕಹಿಯಾದ ಒಂದು ವಿಷಯ. 2022ರ ಮಾರ್ಚ್‌ನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ಇಲ್ಲವಾಯಿತು. ಅದು ಕರಾವಳಿಯ ಜಾತ್ರೆಗಳಿಗೂ ಹಬ್ಬಿತು. ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸವನ್ನು ಬಹಿಷ್ಕರಿಸುವ ಕರೆ ಕೇಳಿಬಂತು. ಹಾಗಾದರೆ ನಾವೂ ನಮ್ಮವರಲ್ಲೇ ಕೊಳ್ಳೋಣ ಎಂಬ ಮಾತು ಯುವಕರ ನಡುವೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಜೋನಿ ಬೆಲ್ಲ ಕಾಯಿಸುವ ಹವ್ಯಕರು, ಭತ್ತ ಬೆಳೆಯುವ ದೀವರು, ಒಕ್ಕಲಿಗರು, ಮಿಡಿಗಾಗಿ ಮರ ಹತ್ತುವ ಕೂಲಿಕಾರ ಇವರಾರೂ ಜಾತ್ರೆಯ ಫಲಕ ಬರೆದವರಲ್ಲ. ಘಟ್ಟದ ಕೆಳಗಿನಿಂದ ಹುಲಿಕಲ್, ಆಗುಂಬೆಯ ದಾರಿಯಲ್ಲಿ ಬರುವ ಮೀನನ್ನು ಇವರ ಮನೆ ಬಾಗಿಲಿಗೆ, ಮಳೆಗಾಲದಲ್ಲಿ ಒಣಮೀನನ್ನು ಇವರ ಸಂತೆಗೆ ಮುಟ್ಟಿಸಿದವರಲ್ಲಿ ನಮ್ಮವರು ಬಹಳ. ಮೀನು ಮಾರಿದವನು ಮರಳುವಾಗ ಅದೇ ಮನೆಯಿಂದ ಬಾಳೆಗೊನೆಯನ್ನೋ ಮೆಣಸನ್ನೋ ಕೊಂಡು ತರುವುದು ಇಲ್ಲಿಯ ರೂಢಿ. ಬಹಿಷ್ಕಾರದವರು ಕಡಿಯಲು ಹೊರಟಿದ್ದು ಈ ಹೋಗಿ ಬರುವ ದಾರಿಯನ್ನು. ಅವರ ಕೆಲಸವನ್ನು ನಮ್ಮ ಕಡೆಯಿಂದ ನಾವೇ ಪೂರೈಸಿಕೊಡಬೇಕೆ? ಪ್ರವಾದಿ(ಸ) ನಿಧನರಾದಾಗ ಅವರ ಕವಚ ಯಹೂದಿಯೊಬ್ಬರಲ್ಲಿ ಅಡವಿತ್ತು, ಮನೆಯವರಿಗಾಗಿ ಕೊಂಡ ಜವೆಗೋಧಿಗೆ ಪ್ರತಿಯಾಗಿ.

ಮಾಡಬಹುದಾದ ಕೆಲಸವೊಂದನ್ನು ನಾವು ಜಮಾಅತ್ ಸಮಿತಿಗಳ ಮುಂದಿಡುತ್ತೇವೆ. ಈ ಕೆಲವು ವರ್ಷಗಳಲ್ಲಿ ರಮಝಾನ್ ಫೆಬ್ರವರಿಯ ಆಸುಪಾಸಿನಲ್ಲಿ ಬರುತ್ತಿದೆ. ಮಲೆನಾಡಿನಲ್ಲಿ ಹೊಸ ಅಕ್ಕಿ ಮನೆ ಸೇರಿರುವ, ಆಲೆಮನೆಗಳು ಹೊಗೆಯಾಡುವ ಕಾಲವದು. ಮಸೀದಿಗಳಲ್ಲಿ ತಿಂಗಳಿಡೀ ಕಾಯಿಸುವ ಗಂಜಿಗೆ ಬೇಕಾದ ಅಕ್ಕಿ ಎಷ್ಟೆಂಬುದು ಸಮಿತಿಗೆ ಮೊದಲೇ ಗೊತ್ತು. ಮದೀನಾದಲ್ಲಿ ಜನ ಖರ್ಜೂರಕ್ಕೆ ಒಂದೆರಡು ವರ್ಷ ಮುಂಚೆಯೇ ಹಣ ಕೊಡುವ ಪದ್ಧತಿಯಿತ್ತು. ಪ್ರವಾದಿ(ಸ) ಅದನ್ನು ತಡೆಯದೆ ಅಳತೆ, ತೂಕ, ಅವಧಿ ಸ್ಪಷ್ಟವಾಗಿರಲಿ ಎಂಬ ಷರತ್ತಿನೊಂದಿಗೆ ಒಪ್ಪಿದರು. ಇದೇ ಸಲಮ್. ಬಡ್ಡಿಯಿಲ್ಲದ ಬ್ಯಾಂಕಿನ ಬಗ್ಗೆ ಭಾಷಣ ಮಾಡುವ ನಾವು ಬಡ್ಡಿಯಿಲ್ಲದ ಈ ಬೆಳೆ ಸಾಲವನ್ನು ಒಂದು ಮಸೀದಿಯ ಗಂಜಿಯ ಮಟ್ಟಿಗಾದರೂ ನಡೆಸಿ ನೋಡಬಾರದೇಕೆ? ಬಿತ್ತನೆಗೆ ಮುನ್ನ, ಜೂನ್‌ನಲ್ಲಿ, ಭತ್ತ ಬೆಳೆಯುವ ಐದಾರು ರೈತರ ಗುಂಪಿನೊಂದಿಗೆ ಕುಳಿತು ಇಷ್ಟು ಕ್ವಿಂಟಾಲ್ ಕೆಂಪಕ್ಕಿ, ಇಂಥ ಗುಣಮಟ್ಟದ್ದು, ಇಂಥ ದಿನಾಂಕದೊಳಗೆ ಎಂದು ಬರೆದು ಪೂರ್ತಿ ಹಣವನ್ನು ಅಂದೇ ಕೊಡಬೇಕು. ಅರ್ಧ ಕೊಟ್ಟು ಅರ್ಧ ಉಳಿಸಿಕೊಂಡರೆ ಅದು ಸಲಮ್ ಆಗದು. ಇಂಥವನ ಇಂಥ ಗದ್ದೆಯದೇ ಆಗಬೇಕೆಂದು ಕಟ್ಟುಹಾಕುವಂತೆಯೂ ಇಲ್ಲ. ಒಬ್ಬನ ಗದ್ದೆ ಹಂದಿಯ ಪಾಲಾದರೆ ಇನ್ನೊಬ್ಬನ ಗದ್ದೆಯದು ಬರಲಿ. ಮಳೆ ಹೆಚ್ಚಾಗಿ ಎಲ್ಲರ ಬೆಳೆಯೂ ಹೋದರೆ ಸಮಿತಿ ಮುಂದಿನ ಫಸಲಿನವರೆಗೆ ಕಾಯಬಹುದು, ಇಲ್ಲವೆ ಕೊಟ್ಟಷ್ಟೇ ಹಣವನ್ನು ಹಿಂದಕ್ಕೆ ಪಡೆಯಬಹುದು, ಒಂದು ರೂಪಾಯಿಯೂ ಹೆಚ್ಚಿಲ್ಲದೆ. ಕಾಗದಕ್ಕೆ ಎರಡೂ ಕಡೆಯವರು ಸಹಿ ಹಾಕಲಿ, ತೂಕ ಮಸೀದಿಯ ಅಂಗಳದಲ್ಲಿ ರೈತನ ಕಣ್ಣೆದುರೇ ಆಗಲಿ.